ಐದನೆಯ ಬೊಗಸೆ

ಸರಕಾರಿ ನೌಕರಿಯಲ್ಲಿದ್ದವನಿಗೆ ಊರು ಬಿಡುವುದು ಹೊಸದಲ್ಲ. ಆರ್ಡರು ಬರುತ್ತದೆ, ಹಾಸಿಗೆ ಸುತ್ತುತ್ತೇವೆ, ನಾಲ್ಕು ಮನೆಗೆ ಹೋಗಿ ಕೈ ಮುಗಿದು ಬಸ್ಸು ಹತ್ತುತ್ತೇವೆ. ನಾನು ಹೀಗೆ ಏಳು ಊರು ಬಿಟ್ಟಿದ್ದೇನೆ. ಆರು ಊರು ಹೇಗೆ ಬಿಟ್ಟೆ ಎಂಬುದೇ ನೆನಪಿಲ್ಲ. ಮುಧೋಳ ಬಿಡುವಾಗ ಮಾತ್ರ, ಹೇಳಿ ಬರೋಣವೆಂದು ಹೋದ ಮನೆಯಲ್ಲೆಲ್ಲ ಏನಾದರೊಂದು ಫಜೀತಿ ಆಗುತ್ತಲೇ ಹೋಯಿತು. ಆ ಊರಿನವರು ಯಾರನ್ನೂ ಕಳಿಸಿಕೊಡುವುದಿಲ್ಲ. ನಾವೇ ತಪ್ಪಿಸಿಕೊಂಡು ಬರಬೇಕು.

ನಾನು ದನದ ಡಾಕ್ಟರು. ರಾಜ್ಯ ಒಂದಾಗಿ ಐದಾರು ವರ್ಷವಾಗಿತ್ತು, ನನ್ನನ್ನು ಮೈಸೂರು ಕಡೆಯಿಂದ ಎತ್ತಿ ಮುಧೋಳಕ್ಕೆ ಹಾಕಿದರು. ಡಾಕ್ಟರುಗಳು ಕಡಿಮೆ, ದನಗಳು ಹೆಚ್ಚು. ಹೀಗಾಗಿ ಬೀಳಗಿಯಿಂದಲೂ ಕರೆ ಬರುತ್ತಿತ್ತು, ಬನಹಟ್ಟಿಯಿಂದಲೂ ಬರುತ್ತಿತ್ತು. ಮೊದಲ ವಾರ ಹೆಂಡತಿ ಅತ್ತು, "ಆರು ತಿಂಗಳಲ್ಲಿ ವಾಪಸ್ ಹೋಗೋಣ ಕಣ್ರೀ" ಎಂದಳು. ಇದ್ದದ್ದು ಹನ್ನೆರಡು ವರ್ಷ. ನಂಜನಗೂಡಿಗೆ ಆರ್ಡರು ಬಂದಾಗ ಮತ್ತೆ ಅತ್ತಳು, ಈ ಸಲ ಹೋಗಬೇಕಲ್ಲ ಎಂದು.

ಕೈಯಲ್ಲಿ ಹತ್ತು ದಿನವಿತ್ತು. ಇಬ್ಬರೂ ಕೂತು ಪಟ್ಟಿ ಮಾಡಿದೆವು. ಹದಿನೇಳು ಮನೆ. ಮನೆಗೆ ಹತ್ತು ನಿಮಿಷ ಸಾಕು ಎಂದು ನಾನು ಅಂದಾಜು ಹಾಕಿದೆ. ಹದಿನೇಳನೆಯ ಮನೆ ನಮ್ಮದೇ ಗೋಡೆಯ ಆಚೆಗಿತ್ತು. ನಮ್ಮ ಮನೆಯ ಮಾಲೀಕರಾದ ಅಜ್ಜ ಮತ್ತು ಆಯಿಯದು. ಆರ್ಡರು ಬಂದ ಸುದ್ದಿ ಕೇಳಿದ ದಿನದಿಂದ ಆಯಿ ನಮ್ಮೊಡನೆ ಮಾತು ಬಿಟ್ಟಿದ್ದರು.

ಹೆಂಡತಿ ಅಂದೇ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಯಾರು ಕಳಿಸಿಕೊಟ್ಟರೂ ಕೊಡದಿದ್ದರೂ ಪರವಾಗಿಲ್ಲ. ಆಯಿ ಉಡಿ ತುಂಬದೆ ನಾನು ಲಾರಿ ಹತ್ತಲ್ಲ."

ಆ ಕಡೆ ಮುತ್ತೈದೆ ಮನೆ ಬಿಟ್ಟು ಹೊರಟರೆ ಅವಳ ಸೆರಗಿಗೆ ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಉತ್ತತ್ತಿ, ಕುಪ್ಪಸದ ಖಣ ಇಟ್ಟು ಬೊಗಸೆಯಲ್ಲಿ ಐದು ಸಲ ಅಕ್ಕಿ ಹಾಕುತ್ತಾರೆ. ಐದು ಬೊಗಸೆ ಬಿದ್ದರೆ ಉಡಿ ತುಂಬಿತು, ಹೋಗಲು ಅಪ್ಪಣೆಯಾಯಿತು. ತಾಯಿಯಿಲ್ಲದ ನನ್ನ ಹೆಂಡತಿಗೆ ಆ ಅಪ್ಪಣೆ ಆಯಿಯಿಂದಲೇ ಬರಬೇಕಿತ್ತು. ಆಯಿಗೂ ಅದು ಚೆನ್ನಾಗಿ ಗೊತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

೧. ಎಮ್ಮೆಗೆ ಗೊತ್ತಾಯಿತು

ಮೊದಲ ಮನೆ ಊರ ಹೊರಗಿನ ಒಬ್ಬ ರೈತರದು. ನಾನು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡೆ.

"ಬಿಳಿ ಬೇಡ" ಎಂದಳು ಹೆಂಡತಿ.

"ಇವತ್ತು ದನ ನೋಡಕ್ಕೆ ಹೋಗ್ತಿಲ್ಲ ಕಣೇ, ಜನ ನೋಡಕ್ಕೆ ಹೋಗ್ತಿರೋದು."

ನಾವು ಅಂಗಳಕ್ಕೆ ಕಾಲಿಡುತ್ತಲೇ ರೈತರು ಓಡಿ ಬಂದು ನನ್ನ ಕೈ ಹಿಡಿದರು. "ಬರ್ರಿ ಡಾಕ್ಟರ್ರ, ಕುಂದರಬ್ಯಾಡ್ರಿ, ಮೊದ್ಲ ಒಳಗ ಬರ್ರಿ." ಒಳಗೆ ಎಂದರೆ ದನ ಕಟ್ಟುವ ಅಂಕಣ. ಅಲ್ಲಿ ಅವರ ಎಮ್ಮೆ ತಲೆ ತಗ್ಗಿಸಿ ನಿಂತಿತ್ತು. ನಾಲ್ಕು ವರ್ಷದ ಹಿಂದೆ ಅದು ಹುಟ್ಟುವಾಗ ಕಾಲು ಮೊದಲು ಬಂದು ತೊಂದರೆಯಾಗಿ, ನಾನೇ ಎಳೆದು ಹೊರತೆಗೆದಿದ್ದೆ.

"ನೀವು ಹೊಂಟೀರಿ ಅನ್ನೂದು ಇದಕ್ಕ ಹೆಂಗ ತಿಳೀತೋ ಏನೋ. ನಿನ್ನೆಯಿಂದ ಮೇವು ಮುಟ್ಟಿಲ್ಲ, ಹಾಲು ಕೊಟ್ಟಿಲ್ಲ. ಕಣ್ಣಾಗಿನ ನೀರು ನೋಡ್ರಿ" ಎಂದರು ರೈತರು.

ನೋಡಿದೆ. ನೀರಿತ್ತು. ಹನ್ನೆರಡು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳು ಒಂದು ಸಲವೂ ನನ್ನ ಬಗ್ಗೆ ಇಷ್ಟು ಒಳ್ಳೆಯ ಅಭಿಪ್ರಾಯ ಕೊಟ್ಟಿರಲಿಲ್ಲ. ಎಮ್ಮೆಯ ಹಣೆ ಸವರಿದೆ, ಬೆನ್ನು ಸವರಿದೆ. ಹೆಂಡತಿಯೂ ಕಣ್ಣೊರೆಸಿಕೊಂಡಳು. ಸವರುತ್ತ ಸವರುತ್ತ ಕೈ ರೂಢಿಯ ಮೇಲೆ ಕೆಳಗೆ ಹೋಯಿತು. ಕೆಚ್ಚಲು ಬಿಸಿಯಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಎಮ್ಮೆಗೆ ಆದದ್ದು ನನ್ನನ್ನು ಅಗಲುವ ದುಃಖವಲ್ಲ, ಕೆಚ್ಚಲು ಬಾವು.

ಒಂದೂವರೆ ತಾಸು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ಬಿಳಿ ಪ್ಯಾಂಟಿನ ಸುದ್ದಿ ಬೇಡ. ಎಲ್ಲ ಮುಗಿದು ಕೈ ತೊಳೆಯುವಾಗ ರೈತರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಅಂದ್ರ ನೀವು ಹೋಗೂದು ಅದಕ್ಕ ಇನ್ನಾ ಗೊತ್ತಿಲ್ಲೇನ್ರಿ?"

"ಗೊತ್ತಿಲ್ಲ."

"ಹಂಗಾರ ಅದರ ಮುಂದ ಮಾತಾಡಬ್ಯಾಡ್ರಿ. ಈಗಷ್ಟ ಮೇವಿಗೆ ಬಾಯಿ ಹಾಕೈತಿ."

೨. ಮೊಸರನ್ನ

ಈ ಪ್ರಸಂಗ ಹೊರಡುವಾಗಿನದಲ್ಲ, ಬಂದ ಹೊಸತರಲ್ಲಿನದು. ಆಯಿ ಯಾರೆಂದು ತಿಳಿಯಬೇಕಾದರೆ ಇದನ್ನು ಹೇಳಲೇಬೇಕು.

ಮುಧೋಳದ ಬೇಟೆ ನಾಯಿಯನ್ನು ನೀವು ನೋಡಿರಬಹುದು. ಉದ್ದ ಕಾಲು, ಸಣ್ಣ ಸೊಂಟ, ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು. ಅದರ ಲಕ್ಷಣವೇ ಅದು. ಅಜ್ಜ ಅಂಥದೊಂದನ್ನು ಸಾಕಿದ್ದರು, ಮನೆಯ ಮಗನ ಹಾಗೆ. ಅಜ್ಜ ಮನುಷ್ಯರೊಡನೆ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಉಳಿದದ್ದೆಲ್ಲ ನಾಯಿಯೊಡನೆ.

ನನ್ನ ಹೆಂಡತಿ ಅಂಥ ನಾಯಿಯನ್ನು ಹಿಂದೆ ನೋಡಿದವಳಲ್ಲ. "ಪಾಪ, ಇವರು ಅದಕ್ಕೆ ಅನ್ನ ಹಾಕಲ್ಲ. ಸಾಯ್ತಾ ಇದೆ" ಎಂದುಕೊಂಡು, ನನಗೂ ಹೇಳದೆ, ದಿನಾ ಮಧ್ಯಾಹ್ನ ಹಿತ್ತಿಲ ಗೋಡೆಯ ಸಂದಿಯಿಂದ ಒಂದು ತಟ್ಟೆ ಮೊಸರನ್ನ ದಾಟಿಸತೊಡಗಿದಳು. ಒಗ್ಗರಣೆ ಹಾಕಿ!

ಒಂದು ತಿಂಗಳಿಗೆ ಅಜ್ಜ ಮುಖ ಬಾಡಿಸಿಕೊಂಡು ದವಾಖಾನೆಗೆ ಬಂದರು. "ನಾಯಿ ಓಡವಲ್ದು."

ಪರೀಕ್ಷೆ ಮಾಡಿದೆ. ಜ್ವರವಿಲ್ಲ, ಗಾಯವಿಲ್ಲ. ಹೊಟ್ಟೆ ಮಾತ್ರ ದುಂಡಗಿತ್ತು. ಜಂತುಹುಳ ಎಂದು ತೀರ್ಮಾನಿಸಿ ಔಷಧ ಕೊಟ್ಟೆ. ನಾಯಿ ಇನ್ನಷ್ಟು ದುಂಡಗಾಯಿತು. ಮೊಲದ ಹಿಂದೆ ಬಿಟ್ಟರೆ ಹತ್ತು ಹೆಜ್ಜೆ ಓಡಿ, ಬೇವಿನ ನೆರಳು ಕಂಡಲ್ಲಿ ಕೂತುಬಿಡುತ್ತಿತ್ತಂತೆ. ಹೊಸ ಡಾಕ್ಟರಿಗೆ ನಾಯಿ ತಿಳಿಯುವುದಿಲ್ಲ ಎಂದು ಊರೆಲ್ಲ ಮಾತಾಯಿತು.

ಕೊನೆಗೆ ಆಯಿ ಒಂದು ಮಧ್ಯಾಹ್ನ ಗೋಡೆಯ ಹಿಂದೆ ಹೊಂಚು ಹಾಕಿ ಕೂತು ತಟ್ಟೆಯ ಸಮೇತ ನನ್ನ ಹೆಂಡತಿಯ ಕೈ ಹಿಡಿದರು. ಆ ಕೂಗು ದವಾಖಾನೆಯವರೆಗೆ ಕೇಳಿತು.

"ಏ ಬಾಯಿ! ಚಿಗರಿ ಓಡಿಧಂಗ ಓಡತಿತ್ತು. ನಮ್ಮ ನಾಯಿನ್ನ ಮೈಸೂರ ಮಾಡಿಬಿಟ್ಟೆಲ್ಲ!"

ಹೆಂಡತಿ ಹೆದರಿ ಅಲ್ಲೇ ಅಳತೊಡಗಿದಳು. ಆಯಿ ಒಂದು ಕ್ಷಣ ನೋಡಿದರು. ತಟ್ಟೆ ಕಸಿದುಕೊಂಡರು. ಉಳಿದಿದ್ದ ಮೊಸರನ್ನವನ್ನು ಬೆರಳಿಂದ ಬಾಯಿಗಿಟ್ಟು ನೋಡಿ, "ಛಲೋ ಮಾಡೀದಿ. ನಾಯಿಗೆ ಹಾಕೂ ಬದಲಿ ನನಗರ ಕೊಡಬಾರದೇನ?" ಎಂದರು.

ಅಲ್ಲಿಂದ ಮುಂದೆ ಹನ್ನೆರಡು ವರ್ಷ ಆ ಗೋಡೆಯ ಸಂದಿಯಿಂದ ಅತ್ತ ಮೊಸರನ್ನ ಹೋಯಿತು, ಇತ್ತ ಜೋಳದ ರೊಟ್ಟಿ ಬಂತು. ನಮ್ಮ ಮಗಳು ಹುಟ್ಟಿದಾಗ ಬಾಣಂತನ ಮಾಡಿದ್ದೂ ಆಯಿಯೇ. ನಾಯಿ ಮಾತ್ರ ಕೊನೆಯವರೆಗೂ ಮಧ್ಯಾಹ್ನದ ಹೊತ್ತಿಗೆ ಗೋಡೆಯ ಸಂದಿಗೆ ಮೂಗು ಹಚ್ಚಿ ನಿಲ್ಲುವುದನ್ನು ಬಿಡಲಿಲ್ಲ.

೩. ಎರಡು ಮೊಳ

ಬನಹಟ್ಟಿಯಲ್ಲಿ ಒಬ್ಬ ನೇಕಾರರಿದ್ದರು. ಅವರ ಆಕಳು ಹೊಟ್ಟೆ ಉಬ್ಬರಿಸಿ ಬಿದ್ದಾಗ ಉಳಿಸಿಕೊಟ್ಟಿದ್ದೆ. ಹೇಳಿ ಬರೋಣವೆಂದು ಬೆಳಗಿನ ಬಸ್ಸಿಗೆ ಹೋದೆವು. ಅವರು ಮಗ್ಗದ ಗುಣಿಯಲ್ಲಿ ಕೂತಿದ್ದರು.

"ಬಾಯಾರಿಗೆ ಅಂತನ ಈ ಸೀರಿ ಹಚ್ಚೇನ್ರಿ. ಇನ್ನ ಎರಡ ಮೊಳ ಐತಿ. ಮುಗಿಸಿ ಕೈಯಾಗ ಕೊಡ್ತೀನಿ, ಕುಂದರ್ರಿ" ಎಂದರು.

ಎರಡು ಮೊಳಕ್ಕೆ ಎಷ್ಟು ಹೊತ್ತು! ಕೂತೆವು. ಅವಲಕ್ಕಿ ಬಂತು. ಚಹಾ ಬಂತು. ಮಗ್ಗ ನಾಲ್ಕು ಸಲ ಸದ್ದು ಮಾಡುವುದು, ನಿಲ್ಲುವುದು. "ಎಳಿ ಹರೀತ್ರಿ" ಎಂದು ಅವರು ಬಗ್ಗಿ ಗಂಟು ಹಾಕುವುದು. ಮತ್ತೆ ನಾಲ್ಕು ಸಲ, ಮತ್ತೆ "ಎಳಿ ಹರೀತ್ರಿ". ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ ಊಟವಾಯಿತು. ಹೆಂಡತಿ ಗೋಡೆಗೆ ಒರಗಿ ಒಂದು ನಿದ್ದೆ ಮುಗಿಸಿ ಎದ್ದಳು. ಒಂದು ಗೇಣು ಉಳಿದಿತ್ತು.

"ನೂಲು ಕೆಟ್ಟದ್ದು ಬಂದಿರಬೇಕು ಈ ಸಲ" ಎಂದೆ ನಾನು, ತಿಳಿದವನ ಹಾಗೆ.

ಮೂಲೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವರ ಹೆಂಡತಿ ಬಾಯಿಗೆ ಸೆರಗು ಹಚ್ಚಿ ನಕ್ಕರು. "ನೂಲು ಛಲೋ ಐತ್ರಿ. ಮುಂಜಾನಿಂದ ನೋಡಾಕತ್ತೇನಿ, ಇವರ ಉಗುರ್ಲೆ ಹರ್ಯಾಕತ್ತಾರ."

ನೇಕಾರರು ತಲೆ ಎತ್ತಲಿಲ್ಲ. ಗಂಟು ಹಾಕುತ್ತಲೇ, "ಸೀರಿ ಮುಗದ್ರ ನೀವು ಏಳ್ತೀರಲ್ಲರೀ" ಎಂದರು.

ಆ ಸೀರೆ ಇವತ್ತಿಗೂ ನಮ್ಮ ಮನೆಯಲ್ಲಿದೆ. ಸೊಂಟಕ್ಕೆ ಸಿಕ್ಕಿಸುವ ಆ ಕೊನೆಯ ಎರಡು ಮೊಳದ ತುಂಬ ಗಂಟು. ಉಟ್ಟಾಗಲೆಲ್ಲ ಚುಚ್ಚುತ್ತದೆ. "ಹೋಗ್ಲಿ ಬಿಡು, ಬೇರೆ ಉಟ್ಟುಕೋ" ಎಂದರೆ ಹೆಂಡತಿ, "ನಿಮಗೇನು ಗೊತ್ತು" ಎನ್ನುತ್ತಾಳೆ. ಚುಚ್ಚಲಿ ಎಂದೇ ಉಡುತ್ತಾಳೆ.

೪. ಬೀಳಗಿಯ ಚಹಾ

ಆ ದಿನಗಳಲ್ಲಿ ನಾನು ಎಷ್ಟು ಚಹಾ ಕುಡಿದೆನೋ ಲೆಕ್ಕವಿಲ್ಲ. ಅಲ್ಲಿ ಚಹಾ ಕುಡಿಯದೆ ಹೊಸಿಲು ದಾಟುವ ಹಾಗಿಲ್ಲ. ಬೀಳಗಿಯ ಒಬ್ಬ ಮಾಸ್ತರರ ಮನೆಗೆ ಹೋದಾಗ ಮಾತ್ರ ಒಂದು ತಾಸಾದರೂ ಚಹಾದ ಸುಳಿವಿರಲಿಲ್ಲ. ಎರಡು ತಾಸಾಯಿತು. ಮಾಸ್ತರರ ಹೆಂಡತಿ ನಮ್ಮೆದುರು ಕೂತು ಹಳೆಯ ಮಾತುಗಳನ್ನೆಲ್ಲ ತೆಗೆಯುತ್ತಿದ್ದರು, ಒಲೆಯ ಕಡೆ ಹೋಗುತ್ತಿರಲಿಲ್ಲ. ನನ್ನ ಹೊಟ್ಟೆಗೆ ಅದೇ ಹಬ್ಬವಾಗಿತ್ತು. ಹಾಯಾಗಿ ಕಾಲು ಚಾಚಿದೆ.

ಮಾಸ್ತರರು ಮಾತ್ರ ಚಡಪಡಿಸುತ್ತಿದ್ದರು. ಕೊನೆಗೆ ನನ್ನನ್ನು ಕಟ್ಟೆಗೆ ಕರೆದುಕೊಂಡು ಹೋದರು.

"ಡಾಕ್ಟರ್ರ, ತಪ್ಪು ತಿಳೀಬ್ಯಾಡ್ರಿ. ಒಮ್ಮೆ 'ಹೊಂಟ್ವಿ' ಅಂತ ಎದ್ದು ನಿಂದರ್ರಿ."

ನನಗೆ ಅವಮಾನವಾಯಿತು. "ಹೊರಡಬೇಕಾ?"

"ಛೇ ಛೇ, ಹೋಗಬ್ಯಾಡ್ರಿ! ಚಾ ಕೊಟ್ರ ನೀವು ಹೋಗ್ತೀರಂತ ಆಕಿ ಚಾನ ಇಡವಲ್ಲಳು. ನೀವು ಎದ್ರ ಇಡ್ತಾಳ. ನನಗ ಎರಡು ತಾಸಿನಿಂದ ತಲಿ ಸಿಡ್ಯಾಕತ್ತೈತ್ರಿ."

೫. ಯಾವ ವಾರ?

ಹದಿನಾರು ಮನೆ ಮುಗಿದವು. ಹದಿನೇಳನೆಯದು ಹಾಗೇ ಉಳಿದಿತ್ತು. ನಡುವೆ ಇದ್ದದ್ದು ಒಂದು ಗೋಡೆ. ಹೆಂಡತಿ ದಿನಾ ಹೋಗಿ ಕೂರುವಳು, ಆಯಿ ಬೆನ್ನು ತಿರುಗಿಸಿ ಜೋಳ ಹಸನು ಮಾಡುವರು. ಕೊನೆಗೆ ನಾನೇ ಹೋದೆ.

"ಆಯಿ, ಮಂಗಳವಾರ ಹೊರಡಬೇಕೂಂತಿದೀವಿ."

ಆಯಿ ಮೊರಕ್ಕೆ ಹೇಳಿದರು: "ಮಂಗಳವಾರ ಹೆಣ್ಣಮಕ್ಕಳನ್ನ ಕಳಸಬಾರದು."

"ಬುಧವಾರ?"

"ಅಮಾಸಿ."

"ಗುರುವಾರ?"

"ಅಮಾಸಿ ಮರುದಿನ ಯಾರರ ಹೊಂಡತಾರೇನು?"

"ಶುಕ್ರವಾರ?"

"ಮನಿ ಲಕ್ಷ್ಮೀನ್ನ ಶುಕ್ರವಾರ ಹೊರಗ ಹಾಕು ಅಂತೀಯೇನು ನೀನು?"

"ಶನಿವಾರ?" ಎಂದು ಕೇಳಿದಾಗ ಆಯಿ ನನ್ನನ್ನು ನೋಡಿದ ರೀತಿಗೆ ನಾನೇ ಆ ಮಾತನ್ನು ವಾಪಸ್ಸು ತೆಗೆದುಕೊಂಡೆ. ಭಾನುವಾರ ನನ್ನ ಹತ್ತು ದಿನ ಮುಗಿಯುತ್ತಿತ್ತು. ಸೋಮವಾರ ಬೆಳಿಗ್ಗೆ ನಾನು ನಂಜನಗೂಡಿನಲ್ಲಿ ಹಾಜರಾಗಬೇಕಿತ್ತು.

"ಹಾಗಾದರೆ ನಾವು ಹೋಗೋದು ಯಾವತ್ತು ಆಯಿ?"

ಆಯಿ ಮೊರ ಕೆಳಗಿಟ್ಟರು. "ಉಡಿ ತುಂಬದ ಆಕಿ ಹೊಸ್ತಿಲಾ ದಾಟೂದಿಲ್ಲ. ನಾ ಉಡಿ ತುಂಬೂದಿಲ್ಲ. ಇನ್ನ ನೀ ಒಬ್ಬನ ಹೋಗತೀದಿ ಅಂದ್ರ ಇವತ್ತ ಹೋಗು, ಎಲ್ಲಾ ವಾರನೂ ಛಲೋ ಅದಾವು."

೬. ಲೋಕಾಪುರದ ಕ್ರಾಸು

ಶುಕ್ರವಾರ ಬೆಳಿಗ್ಗೆ ಲಾರಿ ತರಿಸಿದೆ. ಬಾಗಲಕೋಟೆಗೆ ಹೋಗಿ ರೈಲು ಹಿಡಿಯಬೇಕು. ಸಾಮಾನು ಏರಿತು, ಮಗಳು ಏರಿದಳು. ಹೆಂಡತಿ ಪಕ್ಕದ ಮನೆಗೆ ಓಡಿದಳು. ಕಟ್ಟೆಯ ಮೇಲೆ ಅಜ್ಜ ಒಬ್ಬರೇ ನಾಯಿಯೊಡನೆ ಕೂತಿದ್ದರು.

"ಅಜ್ಜ, ಆಯಿ ಎಲ್ಲಿ?"

"ಲೋಕಾಪುರ. ತಂಗಿ ಮನಿ."

"ಯಾವಾಗ ಬರ್ತಾರೆ?"

"ನೀವು ಹೋದ ಮ್ಯಾಲ."

ಹೆಂಡತಿ ಕಟ್ಟೆಯ ಮೇಲೆ ಕುಸಿದು ಕೂತಳು. ಡ್ರೈವರು ಹಾರ್ನ್ ಮೇಲೆ ಹಾರ್ನ್ ಹೊಡೆದ. ನಾನು ರೈಲಿನ ಸಮಯ ಹೇಳಿದೆ, ನೌಕರಿ ಹೇಳಿದೆ, ಏನೇನೋ ಹೇಳಿದೆ. ಅರ್ಧ ತಾಸಿನ ಮೇಲೆ ಅವಳು ಎದ್ದು ಬಂದು ಲಾರಿಯಲ್ಲಿ ಕೂತಳು. ಅವಳ ತಾಯಿ ತೀರಿಕೊಂಡಾಗಲೂ ಆ ಮುಖ ನಾನು ನೋಡಿರಲಿಲ್ಲ. ಇವಳನ್ನು ಈ ಊರಿಂದ ಹೀಗೆ ಎಬ್ಬಿಸಿಕೊಂಡು ಹೋಗುತ್ತಿರುವ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಜ್ಜನ ನಾಯಿ, ಮುದಿಯಾಗಿದ್ದರೂ, ಊರ ಅಂಚಿನವರೆಗೆ ಲಾರಿಯ ಪಕ್ಕಕ್ಕೇ ಓಡಿ ಬಂತು.

ಲೋಕಾಪುರದ ಕ್ರಾಸಿನಲ್ಲಿ ಡ್ರೈವರು ಗಕ್ಕನೆ ಬ್ರೇಕು ಹಾಕಿದ. ರಸ್ತೆಯ ನಟ್ಟನಡುವೆ ಎರಡೂ ಕೈ ಎತ್ತಿ ಆಯಿ ನಿಂತಿದ್ದರು.

ಪಕ್ಕದ ಚಹಾದಂಗಡಿಯವನು ಕೂಗಿ ಹೇಳಿದ: "ನಿಮ್ಮ ಲಾರಿ ಇದ ಏನ್ರಿ? ಪುಣ್ಯಾ ಬಂತು! ಮುಂಜಾನಿಂದ ಈ ಮುದುಕಿ ಸುಣ್ಣಕಲ್ಲಿನ ಲಾರಿ ಸೈತ ಒಂದೂ ಬಿಟ್ಟಿಲ್ರಿ. ಎಲ್ಲಾ ನಿಲ್ಲಿಸಿ ಒಳಗ ಹಣಿಕಿ ಹಾಕಿ ನೋಡಾಕತ್ತಾಳ."

ನಾವು ಹೋಗಬಾರದೆಂದು ಓಡಿ ಬಂದ ಆಯಿ, ನಾವು ಹೋಗುವ ದಾರಿಯಲ್ಲೇ ಬಂದು ಕೂತಿದ್ದರು. ಕಂಕುಳಲ್ಲಿ ಒಂದು ಗಂಟು. ಬಿಚ್ಚಿದರೆ ಕೊಬ್ಬರಿ ಬಟ್ಟಲು, ಅರಿಶಿನ, ಉತ್ತತ್ತಿ, ಹಸಿರು ಖಣ, ಅಕ್ಕಿ. ಉಡಿ ತುಂಬಬಾರದೆಂದು ತಪ್ಪಿಸಿಕೊಂಡವರು ಉಡಿಯ ಸಾಮಾನನ್ನೇಕೆ ಕಟ್ಟಿಕೊಂಡು ಬಂದಿರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಪೆಟ್ಟು ಬೀಳುತ್ತಿತ್ತು.

ಹೆಂಡತಿ ಲಾರಿಯಿಂದ ಇಳಿದಳೋ ಬಿದ್ದಳೋ ತಿಳಿಯದು. ರಸ್ತೆಯ ಬದಿಯಲ್ಲೇ ಸೆರಗು ಒಡ್ಡಿ ನಿಂತಳು. ಇಬ್ಬರೂ ಅಳುತ್ತಿದ್ದರು, ಹಿಂದೊಂದು, ಎದುರಿಗೊಂದು ಬಸ್ಸು ನಿಂತು ಹಾರ್ನ್ ಹೊಡೆಯುತ್ತಿದ್ದವು. ಆಯಿ ಕುಂಕುಮ ಹಚ್ಚಿದರು, ಖಣ ಇಟ್ಟರು. ಒಂದು ಬೊಗಸೆ ಅಕ್ಕಿ ಹಾಕಿದರು. ಎರಡು. ಮೂರು. ನಾಲ್ಕು. ಉಳಿದ ಅಕ್ಕಿಯನ್ನು ಗಂಟು ಕಟ್ಟಿ ಮತ್ತೆ ಕಂಕುಳಿಗೆ ಇಟ್ಟುಕೊಂಡರು.

"ಆಯಿ, ಇನ್ನೊಂದು" ಎಂದಳು ಹೆಂಡತಿ.

"ಐದನೇದು ಮುಧೋಳದಾಗ ಐತಿ. ಬಂದು ತಗೊಂಡು ಹೋಗು" ಎಂದು ಹೇಳಿ ಆಯಿ ಎದುರಿಗೆ ನಿಂತಿದ್ದ ಮುಧೋಳದ ಬಸ್ಸು ಹತ್ತಿದರು.

ಮರುವರ್ಷ ಬೇಸಿಗೆ ರಜೆಯಲ್ಲಿ ಐದನೆಯ ಬೊಗಸೆ ತರಲು ಹೋದೆವು. ಆಯಿ ಸಂಭ್ರಮದಿಂದ ಕೂರಿಸಿ ಉಡಿ ತುಂಬಿದರು, ಒಂದರಿಂದ ಶುರುಮಾಡಿ. ನಾಲ್ಕಕ್ಕೆ ನಿಲ್ಲಿಸಿದರು. "ಹೋದ ವರ್ಷದ್ದು ಹೋದ ವರ್ಷಕ್ಕ ಆತು" ಎಂದರು. ಅದರ ಮುಂದಿನ ಸಲವೂ ನಾಲ್ಕೇ. ಹೀಗೆ ಆ ಒಂದು ಬೊಗಸೆ ಅಕ್ಕಿಗಾಗಿ ನಾವು ನಂಜನಗೂಡಿನಿಂದ, ಆಮೇಲೆ ಹಾಸನದಿಂದ, ಆಮೇಲೆ ಮೈಸೂರಿನಿಂದ ಒಂಬತ್ತು ಸಲ ಮುಧೋಳಕ್ಕೆ ಹೋಗಿ ಬಂದೆವು.

ಕೊನೆಯ ಸಲ ಹೋದಾಗ ಆಯಿಗೆ ಕಣ್ಣು ಮಂಜಾಗಿತ್ತು. ಕೈ ನಡುಗುತ್ತಿತ್ತು, ಅರ್ಧ ಅಕ್ಕಿ ನೆಲಕ್ಕೆ ಚೆಲ್ಲುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮತ್ತೆ ಬೊಗಸೆ ತುಂಬಿ ಐದನೆಯದನ್ನೂ ಹಾಕಿಬಿಟ್ಟರು. ಎಣಿಕೆ ತಪ್ಪಿತೋ, ಇನ್ನು ಇವಳನ್ನು ಕಾಯಿಸುವುದು ಬೇಡ ಅನ್ನಿಸಿತೋ ನನಗೆ ಗೊತ್ತಾಗಲಿಲ್ಲ.

ಹೆಂಡತಿ ಸೆರಗಿಗೆ ಕೈ ಹಾಕಿ ಒಂದು ಬೊಗಸೆ ಅಕ್ಕಿ ಬಾಚಿ ತೆಗೆದು, ಆಯಿಯ ಮೊರಕ್ಕೆ ತಿರುಗಿ ಸುರಿದಳು.

"ನಾಲ್ಕ ಆತು ಆಯಿ. ಇದು ಇಲ್ಲೇ ಇರಲಿ. ನಾ ಮತ್ತ ಬರ್ತೀನಲ್ಲ" ಎಂದಳು.

ಆಯಿ ಆ ಮಂಜುಗಣ್ಣಿನಲ್ಲೇ ಅವಳ ಮುಖವನ್ನು ಹುಡುಕಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಲ್ಲಿಲ್ಲದ ಬಾಯಲ್ಲಿ ಗಟ್ಟಿಯಾಗಿ ನಕ್ಕು, ಕಟ್ಟೆಯ ಮೇಲಿದ್ದ ಅಜ್ಜನಿಗೆ ಕೇಳುವ ಹಾಗೆ ಕೂಗಿ ಹೇಳಿದರು:

"ಕೇಳಿದ್ಯಾ? ಈಕಿ ನಮ್ಮ ನಾಯಿನ್ನ ಮೈಸೂರ ಮಾಡಿದ್ಲು. ನಾ ಈಕಿನ್ನ ಮುಧೋಳ ಮಾಡೀನಿ. ಮುಯ್ಯಿಗೆ ಮುಯ್ಯಿ ಆತು!"